ಎರಡೂ ಕೈ ಚಾಚುವ ಸನ್ನೆ

ಫೆಬ್ರವರಿ ೯

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಎಷ್ಟು ಕಿರುಚಿದರೂ ನಿಮಗೆ ಅರ್ಧ ಕೇಳುತ್ತದೆ, ಉಳಿದರ್ಧ ನೀವೇ ಊಹಿಸಿಕೊಳ್ಳುತ್ತೀರಿ. ಈ ಸುದ್ದಿಯನ್ನು ಊಹೆಗೆ ಬಿಡುವ ಮನಸ್ಸಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ. ಸಾಲು ಹಾರಿಸಬೇಡಿ.

ನಮ್ಮ ಸಭೆಗೆ ಬಸ್ ಕಂಡಕ್ಟರ್ ಒಬ್ಬರು ಬರುತ್ತಾರೆ ಎಂದು ಹಿಂದೆ ಬರೆದಿದ್ದೆ. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ನೆತ್ತಿಗೇರಿದರೆ ಮನೆಯಲ್ಲಿ ಒಂದು ಪಾತ್ರೆಯೂ ನೆಟ್ಟಗೆ ಉಳಿಯದು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವರೇ ಬಂದು ಮಂಡಿಯೂರಿದರು. "ಬೋಧಕಮ್ಮ, ನನ್ನೊಳಗೆ ಏನೋ ಸೇರ್ಕೊಂಡಿದೆ. ನಾನಾಗಿ ಬಿಡಿಸ್ಕೊಳ್ಳೋಕೆ ಆಗ್ತಿಲ್ಲ. ನೀವು ಬಿಡಿಸಿ" ಎಂದರು. ನಾನು ಅವರ ತಲೆಯ ಮೇಲೆ ಕೈಯಿಟ್ಟೆ. ಯೇಸುವಿನ ಹೆಸರಿನಲ್ಲಿ ಹೊರಗೆ ಹೋಗು ಎಂದು ಆಜ್ಞೆ ಕೊಟ್ಟೆ. ಅಪ್ಪಾ, ಅದು ನನ್ನ ದನಿಯೇ ಆಗಿರಲಿಲ್ಲ. ಆ ಮನುಷ್ಯ ನೆಲದ ಮೇಲೆ ಕುಸಿದು ಮಗುವಿನ ಹಾಗೆ ಅತ್ತರು. ಆಮೇಲೆ ಅಲ್ಲೇ ಚಾಪೆಯ ಮೇಲೆ ನಾಲ್ಕು ಗಂಟೆ ನಿದ್ದೆ ಮಾಡಿದರು. ಈಗ ಎರಡು ವಾರವಾಯಿತು, ಮನೆಯಲ್ಲಿ ಏರಿದ ದನಿಯೇ ಇಲ್ಲ ಎಂದು ಅವರ ಹೆಂಡತಿ ಹೇಳುತ್ತಾರೆ.

ಸುದ್ದಿ ಹಬ್ಬಿದೆ. ನಾವು ಆರಾಧನೆಗೆ ಸೇರುವ ಬಾಡಿಗೆ ಹಾಲು ಬಡಗಿಯ ಕಾರ್ಖಾನೆಯ ಮಾಳಿಗೆಯ ಮೇಲಿದೆಯಲ್ಲ, ಈಗ ಮೆಟ್ಟಿಲ ಮೇಲೂ ಜನ ಕೂರುತ್ತಾರೆ. ಯೇಸು ಕಳಿಸಿದ ಎಪ್ಪತ್ತು ಮಂದಿ ಕುಣಿಯುತ್ತ ಹಿಂದಿರುಗಿ, ಸ್ವಾಮೀ, ದೆವ್ವಗಳೂ ನಮ್ಮ ಮಾತು ಕೇಳುತ್ತವೆ ಎಂದರಂತಲ್ಲ, ಅವರ ಸಂತೋಷ ಎಂಥದ್ದು ಎಂದು ಈಗ ಗೊತ್ತಾಯಿತು.

ಒಂದು ಮಾತು ಕೇಳಲೇ? ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ನೀವು ಬಾಗಿಲ ಪಕ್ಕದ ಕೊನೆಯ ಬೆಂಚು ಬಿಟ್ಟು ಮುಂದೆ ಬಂದವರಲ್ಲ. ದೆವ್ವ ಬಿಡಿಸುವ ಬಿಡುಗಡೆಯ ಪ್ರಾರ್ಥನೆ ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದಿರಿ. ಅಮ್ಮನಂತೂ ಸಭೆಯ ಹೊಸ್ತಿಲನ್ನೇ ತುಳಿಯುವುದಿಲ್ಲ. ಮಗಳಿಗೆ ಕೊಟ್ಟ ಅಧಿಕಾರವನ್ನು ನೋಡಿಯಾದರೂ ನಿಮ್ಮಿಬ್ಬರಿಗೂ ಸಂತೋಷವಾಗಲಿ.

ನಿಮ್ಮ ಹೆಮ್ಮೆಗೆ ಕಾದಿರುವ
ಮಗಳು


ಫೆಬ್ರವರಿ ೨೦

ಬೋಧಕಮ್ಮನವರಿಗೆ, ಅವರ ತಂದೆಯಿಂದ,

ಪತ್ರ ತಲುಪಿತು. ಇಲ್ಲಿ ನನ್ನ ಕಿವಿ ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗಿದೆ.

ಕಂಡಕ್ಟರ್ ಚೆನ್ನಾಗಿ ನಿದ್ದೆ ಮಾಡುತ್ತಿರುವುದು ಓದಿ ನಿಜವಾಗಿ ಸಂತೋಷವಾಯಿತು. ಆದರೆ ಆ ಎಪ್ಪತ್ತು ಮಂದಿಯ ಕಥೆಯನ್ನು ನೀನು ಅರ್ಧಕ್ಕೇ ನಿಲ್ಲಿಸಿದ್ದೀಯ. ದೆವ್ವಗಳು ಮಾತು ಕೇಳಿದವು ಎಂದು ಹಿಗ್ಗಬೇಡಿ, ನಿಮ್ಮ ಹೆಸರುಗಳು ಪರಲೋಕದಲ್ಲಿ ಬರೆದಿವೆ ಎಂದು ಹಿಗ್ಗಿ ಎನ್ನುತ್ತಾನೆ ಯೇಸು. ಮುಂದಿನ ಸಾಲೂ ನಿನ್ನ ಪುಸ್ತಕದಲ್ಲಿ ಇರಬೇಕು, ನೋಡು. ಇನ್ನೊಂದು ಕಡೆ ಏಳು ಜನ ಅಣ್ಣತಮ್ಮಂದಿರು ಯೇಸುವಿನ ಹೆಸರನ್ನು ಎರವಲು ತಂದು ದೆವ್ವ ಬಿಡಿಸಲು ಹೋಗುತ್ತಾರಲ್ಲ. ಯೇಸು ಗೊತ್ತು, ಪೌಲನೂ ಗೊತ್ತು, ನೀವ್ಯಾರಪ್ಪಾ ಎಂದು ಕೇಳಿ ಅದು ಅವರನ್ನು ಮೈಮೇಲೆ ಬಟ್ಟೆಯಿಲ್ಲದಂತೆ ಓಡಿಸುತ್ತದೆ. ಬಂದರಿನ ಕೂಲಿಗಳಿಗೆ ಈ ಕಥೆ ಹೇಳಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಅಧಿಕಾರ ಎಂದರೆ ಏನು ಎಂದು ನನಗೆ ಗೊತ್ತಿರುವುದು ಬಂದರಿನ ಯಾರ್ಡಿನಲ್ಲಿ, ಕ್ರೇನಿನ ಕೆಳಗೆ ಕಲಿತದ್ದು. ಈ ವಾರವೂ ಹೊಸಬರು ಆರು ಮಂದಿ ಬಂದಿದ್ದಾರೆ, ಅವರಿಗೆ ಮೊದಲ ದಿನದ ಪಾಠ ಮಾಡಿದೆ. ಕ್ರೇನಿನವನು ಮೇಲೆ ಗಾಜಿನ ಗೂಡಿನಲ್ಲಿ ಕೂತಿರುತ್ತಾನೆ. ಅವನಿಗೆ ಕೆಳಗಿನದು ಅರ್ಧ ಕಾಣದು, ಏನೂ ಕೇಳದು. ಎತ್ತು, ಇಳಿಸು, ಎಡಕ್ಕೆ ತಿರುಗಿಸು ಎನ್ನುವ ಸನ್ನೆ ಕೊಡಲು ಒಬ್ಬನನ್ನು ನೇಮಿಸಿರುತ್ತಾರೆ. ಅವನೊಬ್ಬನದೇ ಮಾತು ನಡೆಯಬೇಕು. ಆದರೆ ಒಂದೇ ಒಂದು ಸನ್ನೆ ಬೇರೆ. ಎರಡೂ ಕೈ ಅಗಲಕ್ಕೆ ಚಾಚಿದರೆ ನಿಲ್ಲಿಸು ಎಂದು ಅರ್ಥ. ಅದನ್ನು ಯಾರು ಬೇಕಾದರೂ ಕೊಡಬಹುದು. ಅಂಗಳ ಗುಡಿಸುವವಳು ಕೊಟ್ಟರೂ ಕ್ರೇನು ಆ ಕ್ಷಣವೇ ನಿಲ್ಲಬೇಕು. ಯಾಕೆ ಎಂದು ಕೇಳುವುದೆಲ್ಲ ಆಮೇಲೆ. ಮೂವತ್ತೈದು ವರ್ಷದಲ್ಲಿ ನನ್ನ ಕ್ರೇನಿನ ಕೆಳಗೆ ಒಬ್ಬನಿಗೂ ಪೆಟ್ಟಾಗಿಲ್ಲ, ಈ ಒಂದು ನಿಯಮದಿಂದ.

ಅಮ್ಮನಿಗೆ ಪತ್ರ ಓದಿ ಹೇಳಿದೆ. ಕೇಳಿದಳು. ಕೇಳಿ ಎದ್ದುಹೋಗಿ ತಂತಿಯ ಮೇಲಿನ ಬಟ್ಟೆ ತಂದಳು. ಬಟ್ಟೆ ಇನ್ನೂ ಒಣಗಿರಲಿಲ್ಲ. ಚಹಾಕ್ಕೆ ಹಾಲು ಹಾಕುವಾಗ ಎಂದಿನಂತೆ ನಾನು ಹುಯ್ಯುತ್ತಲೇ ಇದ್ದೆ, ಅವಳು ನೋಡುತ್ತಲೇ ಇದ್ದಳು, ಲೋಟ ಉಕ್ಕಿ ಅಡಿಯ ಬಸಿಯೆಲ್ಲ ತುಂಬಿತು. ಅಮ್ಮನ ಬಸಿಯ ವಿಷಯಕ್ಕೆ ನೀನು ಎಷ್ಟು ನಗುತ್ತಿದ್ದೆ ಎಂದು ನೆನಪಾಯಿತು.

ಹೊಟ್ಟೆಗೆ ಸರಿಯಾಗಿ ತಿನ್ನು. ಉಪವಾಸದ ಹೆಸರಿನಲ್ಲಿ ಕಡ್ಡಿಯಾಗಬೇಡ.

ಅಪ್ಪ


ಮಾರ್ಚ್ ೧೫

ಅಪ್ಪಾ,

ನಿಮ್ಮ ಪತ್ರಕ್ಕೆ ತಕ್ಷಣ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು ಎಂದು ಬಾಯಿಬಿಟ್ಟೇ ಹೇಳುತ್ತೇನೆ. ನಾನು ಹೆಸರನ್ನು ಎರವಲು ತಂದವಳಲ್ಲ. ಕರೆದು ಕೊಟ್ಟ ಕೆಲಸ ಇದು. ನೀವು ಎಲ್ಲವನ್ನೂ ಕ್ರೇನಿಗೆ ತಂದು ಕಟ್ಟುತ್ತೀರಿ.

ಈಗ ಪ್ರಾರ್ಥನೆಯ ಅಗತ್ಯ ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲೊಂದು ಲಾಂಡ್ರಿಯಲ್ಲಿ ಕೆಲಸ ಮಾಡುವ ಹುಡುಗಿ ಇದ್ದಾಳೆ, ಇಪ್ಪತ್ತೆರಡು ವರ್ಷ ಇರಬಹುದು. ಎಲ್ಲರೂ ಇಸ್ತ್ರಿ ಹುಡುಗಿ ಎನ್ನುತ್ತಾರೆ. ತಂದೆತಾಯಿ ಇಲ್ಲ, ಚಿಕ್ಕಪ್ಪನ ಮನೆಯಲ್ಲಿ ಬೆಳೆದವಳು. ನಾಲ್ಕು ತಿಂಗಳಿಂದ ಅವಳಿಗೆ ಮಾತೇ ಇಲ್ಲ. ಕೆಲಸಕ್ಕೆ ಹೋಗುತ್ತಾಳೆ, ಒಂದು ಸುಕ್ಕೂ ಉಳಿಯದಂತೆ ಅಂಗಿ ಇಸ್ತ್ರಿ ಮಾಡುತ್ತಾಳೆ, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂರುತ್ತಾಳಂತೆ. ಯಾರಾದರೂ ಮುಟ್ಟಿದರೆ ನಡುಗುತ್ತಾಳೆ. ಚಿಕ್ಕಪ್ಪ ನಮ್ಮ ಸಭೆಯ ಕೈಕಾಲು ಇದ್ದ ಹಾಗೆ. ಹಾಲಿನ ಬೀಗದ ಕೈ ಇರುವುದು ಅವರ ಬಳಿ. ಬೆಂಚು ಹಾಕುವುದು, ಮೈಕು ಜೋಡಿಸುವುದು ಎಲ್ಲ ಅವರೇ. "ಬೋಧಕಮ್ಮ, ನನ್ನ ಅಣ್ಣನ ಮಗಳನ್ನ ಉಳಿಸಿ ಕೊಡಿ" ಎಂದು ಕಣ್ಣೀರಿಟ್ಟರು.

ನಾನು ಮೂರು ಸಲ ಪ್ರಾರ್ಥಿಸಿದೆ. ಏನೂ ಆಗಲಿಲ್ಲ. ಜನ ನನ್ನ ಮುಖ ನೋಡುವ ರೀತಿ ಬದಲಾಗಿದೆ. ಕೊನೆಗೆ ಸಭೆಯ ಹಿರಿಯರು ಹೊರಗಿನಿಂದ ದೊಡ್ಡ ಬೋಧಕರನ್ನು ಕರೆಸುತ್ತಿದ್ದಾರೆ. ಇಂಥದ್ದು ಪ್ರಾರ್ಥನೆಯಿಂದಲ್ಲದೆ ಬಿಡುವುದಿಲ್ಲ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ನೆನಪಿದೆಯಲ್ಲ. ಏಪ್ರಿಲ್ ಹನ್ನೆರಡರಿಂದ ಮೂರು ದಿನ ಉಪವಾಸ ಪ್ರಾರ್ಥನೆ. ಒಳಗಿರುವುದು ಒದ್ದಾಡುತ್ತದೆ, ಬೇಡ ಎನ್ನುತ್ತದೆ, ಆಗ ಬಿಡಬಾರದು ಎಂದು ಅವರು ಮೊದಲೇ ಹೇಳಿಕಳಿಸಿದ್ದಾರೆ. ಹುಡುಗಿಯ ಒಂದು ಕೈ ಚಿಕ್ಕಪ್ಪ ಹಿಡಿಯುತ್ತಾರೆ, ಇನ್ನೊಂದು ನಾನು. ನಮಗಾಗಿ ಪ್ರಾರ್ಥಿಸಿ.

ಇನ್ನೊಂದು ವಿಷಯ. ಈ ಹುಡುಗಿಯನ್ನು ನೋಡಿದಾಗಿನಿಂದ ಯಾಕೋ ಅಮ್ಮ ನೆನಪಾಗುತ್ತಾಳೆ. ನನಗೆ ಏಳು ವರ್ಷವಿದ್ದಾಗ ಒಂದು ದಿನ ನನ್ನನ್ನು ಪಕ್ಕದ ಮನೆಯ ದರ್ಜಿ ಅಜ್ಜಿಯ ಹತ್ತಿರ ಬಿಟ್ಟಿದ್ದಿರಿ. ಅಜ್ಜಿ ನನ್ನ ಕೈಗೆ ಗುಂಡಿಗಳ ಡಬ್ಬ ಕೊಟ್ಟು ಹೊಲಿಗೆ ಮಿಷನ್ನನ್ನು ಒಂದೇ ಸಮ ತುಳಿಯುತ್ತಿದ್ದಳು. ಅವಳ ಮುಂದೆ ಬಟ್ಟೆಯೇ ಇರಲಿಲ್ಲ. ನಮ್ಮ ಮನೆಯ ಸದ್ದು ನನಗೆ ಕೇಳಿಸಬಾರದೆಂದು ತುಳಿಯುತ್ತಿದ್ದಳು ಎಂದು ಈಗ ಅನಿಸುತ್ತದೆ. ಆ ದಿನ ಮನೆಯಲ್ಲಿ ಏನಾಯಿತು?

ಮಗಳು


ಮಾರ್ಚ್ ೨೨

ಮಗಳೇ,

ಆ ಹುಡುಗಿಯ ಕೈ ಹಿಡಿಯಬೇಡ. ಬೇರೆ ಯಾರು ಏನು ಬೇಕಾದರೂ ಮಾಡಲಿ, ನೀನು ಮಾತ್ರ ಹಿಡಿಯಬೇಡ.

ಹಳೆಯದನ್ನು ಕೇಳಬೇಡ. ಅಮ್ಮ ಚೆನ್ನಾಗಿದ್ದಾಳೆ.

ಅಪ್ಪ


ಮಾರ್ಚ್ ೨೮

ಅಪ್ಪಾ,

ನಾಲ್ಕು ಸಾಲು ಬರೆದಿದ್ದೀರಿ. ಬೇಡ ಎಂದರೆ ಯಾಕೆ ಬೇಡ ಎಂದು ಹೇಳಬೇಕು. ನೀವು ಕೈ ಎತ್ತಿದ ಕೂಡಲೇ ನಿಲ್ಲಲು ನಾನು ನಿಮ್ಮ ಯಾರ್ಡಿನ ಕ್ರೇನಲ್ಲ. ಒಬ್ಬಳು ಹುಡುಗಿ ಕಣ್ಣೆದುರು ಬಾಡಿ ಹೋಗುತ್ತಿದ್ದಾಳೆ. ಕೇಡಿನಿಂದ ತಪ್ಪಿಸು ಎಂದು ದಿನಾ ಬೇಡಿಕೊಳ್ಳುವವಳು ತಪ್ಪಿಸುವ ಹೊತ್ತಿಗೆ ಕೈ ಕಟ್ಟಿ ಕೂರಲೇ?

ಕಾರಣವಿದ್ದರೆ ಬರೆಯಿರಿ. ಇಲ್ಲದಿದ್ದರೆ ಹನ್ನೆರಡರಂದು ನಾನು ಅಲ್ಲಿರುತ್ತೇನೆ.

ಮಗಳು


ಏಪ್ರಿಲ್ ೪

ಮಗಳೇ,

ಇದನ್ನು ಯಾರ್ಡಿನ ವಿಶ್ರಾಂತಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆಯಲು ಆಗಲಿಲ್ಲ. ನಾಲ್ಕು ಹಾಳೆ ಹರಿದು ಹಾಕಿದ್ದೇನೆ.

ನಿನಗೊಬ್ಬ ತಮ್ಮ ಹುಟ್ಟಿದ್ದ. ಮೂರು ದಿನ ಇದ್ದ. ನಿನಗೆ ಅದು ಅಷ್ಟಾಗಿ ನೆನಪಿರಲಾರದು. ಅವನನ್ನು ಮಣ್ಣು ಮಾಡಿ ಬಂದ ಮೇಲೆ ನಿನ್ನ ಅಮ್ಮ ಮಾತು ಬಿಟ್ಟಳು. ತಲೆ ಬಾಚುತ್ತಿರಲಿಲ್ಲ. ಬಕೆಟ್ಟಿಗೆ ನೀರು ಬಿಟ್ಟು ಅದರ ಮುಂದೆ ಕೂರುವಳು, ನೀರು ತುಂಬಿ ಹರಿದರೂ ಏಳುತ್ತಿರಲಿಲ್ಲ. ಎರಡು ತಿಂಗಳು ಹೀಗೆ ಕಳೆಯಿತು. ಸಭೆಯವರು ದುಃಖದ ಆತ್ಮ ಹಿಡಿದಿದೆ ಎಂದರು. ನಾನು ಹೆದರಿದ್ದೆ. ಹೆದರಿದವನಿಗೆ ಯಾರಾದರೂ ಇದು ಹೀಗೆ ಎಂದು ಖಚಿತವಾಗಿ ಹೇಳಿದರೆ ಸಾಕು, ಅವರ ಕಾಲು ಹಿಡಿಯುತ್ತಾನೆ.

ಒಂದು ಬೆಳಿಗ್ಗೆ, ನಿನ್ನನ್ನು ದರ್ಜಿ ಅಜ್ಜಿಯ ಹತ್ತಿರ ಬಿಟ್ಟು ಬಂದ ಮೇಲೆ, ಆಗಿನ ಬೋಧಕರು ನಾಲ್ಕು ಜನರನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮುಂದಿನ ಕೋಣೆಯ ಮಂಚ ಹೊರಗಿಟ್ಟೆವು. ಕಿಟಕಿ ಮುಚ್ಚಿದೆವು. "ಹೆಂಡತಿಯ ಮೇಲೆ ಗಂಡನಿಗೆ ಅಧಿಕಾರ ಇದೆ. ಕೈ ನೀನೇ ಹಿಡಿ" ಎಂದರು ಬೋಧಕರು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಿಡಿದುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಅವಳು "ಸಾಕು" ಎಂದಳು. ಎರಡು ತಿಂಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. "ಕೇಳ್ಬೇಡ, ಮಾತಾಡ್ತಿರೋದು ಅವಳಲ್ಲ" ಎಂದರು ಬೋಧಕರು. ನಾನು ಕೇಳಲಿಲ್ಲ. ಆಮೇಲೆ ಅವಳು ನನ್ನ ಮುಖ ನೋಡಿ ಎರಡೂ ಕೈಯನ್ನು ಅಗಲಕ್ಕೆ ಚಾಚಲು ನೋಡಿದಳು.

ಆ ಸನ್ನೆ ಅವಳಿಗೆ ಗೊತ್ತಿತ್ತು. ಹೇಳಿಕೊಟ್ಟವನು ನಾನೇ. ಮದುವೆಯಾದ ಹೊಸದರಲ್ಲಿ ಊಟದ ಡಬ್ಬ ತೆಗೆದುಕೊಂಡು ಯಾರ್ಡಿನ ಗೇಟಿಗೆ ಬರುತ್ತಿದ್ದಳು. ನಾನು ದೂರದಲ್ಲಿ ಕಂಡರೆ ಎರಡೂ ಕೈ ಚಾಚಿ ನಿಲ್ಲುವಳು. ಒಂದು ಸಲ ಮೇಲಿನ ಕ್ರೇನಿನವನು ಅದನ್ನು ನೋಡಿ ಹತ್ತು ಟನ್ನಿನ ಪೆಟ್ಟಿಗೆಯನ್ನು ಗಾಳಿಯಲ್ಲೇ ನಿಲ್ಲಿಸಿಬಿಟ್ಟ. ಆ ದಿನ ಇಡೀ ಯಾರ್ಡು ನಕ್ಕಿತು. ಗುರುತು ಪರಿಚಯ ಇಲ್ಲದ ಆಪರೇಟರ್ ಅವಳ ಸನ್ನೆಗೆ ನಿಲ್ಲಿಸಿದ. ನಾನು ನಿಲ್ಲಿಸಲಿಲ್ಲ. "ನೋಡಿ, ಅದಕ್ಕೆ ಎಷ್ಟು ಬಲ" ಎಂದರು ಯಾರೋ. ನಾನು ಇನ್ನೂ ಗಟ್ಟಿಯಾಗಿ ಹಿಡಿದೆ.

ಎಷ್ಟು ಸಲ ಸಾಕು ಎಂದಳೋ ಗೊತ್ತಿಲ್ಲ. ಕೊನೆಗೆ ಸುಮ್ಮನಾದಳು. ಅದನ್ನೇ ಜಯವೆಂದು ತಿಳಿದು ಎಲ್ಲರೂ ಹಾಡಿದರು. ಮರುದಿನ ಎದ್ದು ತಲೆ ಬಾಚಿಕೊಂಡಳು, ಅಡುಗೆ ಮಾಡಿದಳು, ಕರೆದರೆ ಓಗೊಟ್ಟಳು. ಮುಂದಿನ ಭಾನುವಾರ ನಾನು ಸಭೆಯಲ್ಲಿ ಮೈಕು ಹಿಡಿದು, ಅವಳಿಗೆ ಬಿಡುಗಡೆಯಾಯಿತೆಂದು ಸಾಕ್ಷಿ ಹೇಳಿದೆ. ಅವಳು ಮನೆಯಲ್ಲೇ ಉಳಿದಿದ್ದಳು. ಅದಾಗಿ ವಾರದ ಮೇಲೆ ಯಾರ್ಡಿನಲ್ಲಿ ಹೊಸಬರಿಗೆ ಪಾಠ ಮಾಡುತ್ತ, ನಿಲ್ಲಿಸು ಎಂದು ಯಾರು ಹೇಳಿದರೂ ನಿಲ್ಲಿಸಬೇಕು ಎನ್ನುತ್ತ ಎರಡೂ ಕೈ ಚಾಚಿದೆ. ಆಗ ತಿಳಿಯಿತು. ಚಾಚಿದ ಕೈಯನ್ನು ಇಳಿಸಲು ಆಗದೆ ನಿಂತುಬಿಟ್ಟೆ. ಹುಡುಗರು ಅದೂ ಪಾಠವೇ ಎಂದುಕೊಂಡರು.

ಆವತ್ತಿನಿಂದ ಇವತ್ತಿನವರೆಗೆ ನಿನ್ನ ಅಮ್ಮನ ಬಾಯಲ್ಲಿ ಸಾಕು ಎನ್ನುವ ಮಾತು ಬಂದಿಲ್ಲ. ಹಾಲು ಹುಯ್ಯುವಾಗಲೂ ಇಲ್ಲ, ಅನ್ನ ಬಡಿಸುವಾಗಲೂ ಇಲ್ಲ. ಅದನ್ನು ಅಮ್ಮನ ತಮಾಷೆಯ ಅಭ್ಯಾಸ ಎಂದು ನೀನು ನಗುತ್ತಿದ್ದೆ. ನಾನೂ ನಿನ್ನ ಜೊತೆ ನಗುತ್ತಿದ್ದೆ. ಇಪ್ಪತ್ತೇಳು ವರ್ಷ ನಕ್ಕೆ.

ಕೊನೆಯ ಬೆಂಚಿನ ವಿಷಯ ಕೇಳಿದ್ದೆಯಲ್ಲ. ಸಭೆಯ ಎದುರು ಗೋಡೆಯ ಮೇಲೆ ಶಿಲುಬೆಗೇರಿದ ಯೇಸುವಿನ ಚಿತ್ರವಿದೆ. ಅವನ ಎರಡೂ ಕೈ ಅಗಲಕ್ಕೆ ಚಾಚಿವೆ. ಹತ್ತಿರ ಕೂತು ಅದನ್ನು ನೋಡುವ ಧೈರ್ಯ ನನಗಿಲ್ಲ.

ಅವಳ ಬಳಿ ಕ್ಷಮೆ ಕೇಳಿಲ್ಲ. ಕೇಳಿದರೆ ಏನಾದರೂ ಅನ್ನುತ್ತಾಳಲ್ಲ, ಅದಕ್ಕೆ ಹೆದರಿಕೆ. ಏನೂ ಅನ್ನದಿದ್ದರೆ ಎಂದು ಅದಕ್ಕಿಂತ ಹೆದರಿಕೆ.

ಕೇಡು ಇಲ್ಲ ಎಂದು ನಾನು ಹೇಳುವುದಿಲ್ಲ. ಅದು ನನ್ನ ಮನೆಗೆ ಬಂದಿತ್ತು. ಅವಳೊಳಗೆ ಹುಡುಕುತ್ತಿದ್ದೆವು, ಅಷ್ಟೇ.

ನಿನ್ನ ಅಪ್ಪ


ಮೇ ೧೯

ಅಪ್ಪಾ,

ಆರು ವಾರ ಬರೆಯಲಿಲ್ಲ. ನಿಮ್ಮ ಪತ್ರ ಓದಿದ ದಿನ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನಿಮ್ಮ ಫೋಟೋವನ್ನು ಮೇಜಿನ ಖಾನೆಗೆ ಹಾಕಿ ಮುಚ್ಚಿದೆ. ಅದು ಇನ್ನೂ ಅಲ್ಲೇ ಇದೆ. ಆದರೆ ಹನ್ನೆರಡನೇ ತಾರೀಖು ಏನಾಯಿತು ಎಂದು ನಿಮಗೆ ಹೇಳಲೇಬೇಕು.

ನಾನು ಹೋದೆ. ಕೈಯನ್ನೂ ಹಿಡಿದೆ. ಬೇಡ ಎಂದು ನೀವು ಬರೆದ ಮೇಲೂ ಹಿಡಿದೆ. ನಾನು ಹಿಡಿಯದಿದ್ದರೆ ಬೇರೆ ಯಾರೋ ಹಿಡಿಯುತ್ತಾರೆ, ನಾನಾದರೆ ಬಿಡುತ್ತೇನೆ ಎಂದುಕೊಂಡೆ. ಬಿಡಲು ಧೈರ್ಯ ಬರುತ್ತದೆಯೇ ಎಂದು ಆ ಕ್ಷಣದವರೆಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಹತ್ತು ಗಂಟೆ. ಕೆಳಗೆ ಬಡಗಿ ಗರಗಸ ನಿಲ್ಲಿಸಿದ್ದ. ಹಾಲಿನ ತುಂಬ ಜನ. ದೊಡ್ಡ ಬೋಧಕರ ದನಿ ಏರುತ್ತ ಹೋಯಿತು. ಹುಡುಗಿಯ ಒಂದು ಕೈ ನನ್ನ ಕೈಯಲ್ಲಿತ್ತು, ಇನ್ನೊಂದು ಚಿಕ್ಕಪ್ಪನ ಕೈಯಲ್ಲಿ. ಅವಳು ಎಳೆದುಕೊಂಡಾಗ ನನ್ನ ಕಡೆಗಿದ್ದ ಅವಳ ಅಂಗಿಯ ತೋಳು ಭುಜದವರೆಗೆ ಸರಿಯಿತು. ಒಳತೋಳಿನಲ್ಲಿ ಸುಟ್ಟ ಗುರುತುಗಳಿದ್ದವು. ಇಸ್ತ್ರಿ ಕೆಲಸದವರಿಗೆ ಸುಟ್ಟ ಗಾಯ ಹೊಸದಲ್ಲ ಎಂದು ನಾವೆಲ್ಲ ಅವಳ ಬೆರಳು ನೋಡಿ ಸುಮ್ಮನಿದ್ದೆವು. ಆದರೆ ಕೆಲಸದಲ್ಲಿ ಕೈ ಸುಡುವುದು ಬೆರಳಿಗೆ, ಮಣಿಕಟ್ಟಿಗೆ. ಕಂಕುಳ ಹತ್ತಿರ, ಒಂದರ ಕೆಳಗೊಂದರಂತೆ, ಇಸ್ತ್ರಿಪೆಟ್ಟಿಗೆಯ ಚೂಪು ತುದಿಯ ಆಕಾರದಲ್ಲಿ ಯಾರಿಗೂ ತಾನಾಗಿ ಸುಡುವುದಿಲ್ಲ.

ಆಗ ಅವಳು ಮಾತಾಡಿದಳು. "ಸಾಕು." ಅವಳು ಬೋಧಕರನ್ನು ನೋಡುತ್ತಿರಲಿಲ್ಲ. ಇನ್ನೊಂದು ಕೈಯನ್ನು ಹಿಡಿದಿದ್ದವನನ್ನು ನೋಡುತ್ತಿದ್ದಳು.

"ಬಿಡ್ಬೇಡಿ, ಇದು ಅವಳ ದನಿಯಲ್ಲ!" ಎಂದರು ಬೋಧಕರು.

ನಾನು ಬಿಟ್ಟೆ. ಎದ್ದು ಅವಳ ಮುಂದೆ ನಿಂತು ಎರಡೂ ಕೈ ಚಾಚಿದೆ. ಹಾಡು ನಿಂತಿತು. "ಯಾವ ಅಧಿಕಾರದಿಂದ ಇದನ್ನ ನಿಲ್ಲಿಸ್ತೀಯಮ್ಮ?" ಎಂದು ಕೇಳಿದರು ಬೋಧಕರು. ದೇವಾಲಯದಲ್ಲಿ ಯೇಸುವಿಗೂ ಇದೇ ಪ್ರಶ್ನೆ ಹಾಕಿದ್ದರಲ್ಲ. ನನಗೆ ನೆನಪಾಗಿದ್ದು ನೀವು. "ನಿಲ್ಲಿಸೋಕೆ ಅಧಿಕಾರ ಬೇಕಾಗಿಲ್ಲ ಅಯ್ಯಾ. ಯಾರು ಬೇಕಾದ್ರೂ ನಿಲ್ಲಿಸಬಹುದು" ಎಂದೆ.

ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ ಹೇಳಿದೆ, "ಅವಳ ಕೈ ಬಿಡಿ. ಹೊರಗೆ ಹೋಗಿ."

ಕಂಡಕ್ಟರಿಗೆ ಹೇಳಿದ್ದ ಮಾತೇ. ಆ ದಿನ ದನಿ ನನ್ನದಲ್ಲ ಎಂದು ನಿಮಗೆ ಬರೆದಿದ್ದೆ. ಈ ಸಲ ಅದು ನನ್ನದೇ ದನಿ. ಅವನು ಕೂಗಾಡಿದ. ಹಿರಿಯರಲ್ಲಿ ಇಬ್ಬರು ಅವನ ಪರವಾಗಿ ಎದ್ದರು. ಆಗ ಆ ಕಂಡಕ್ಟರ್ ಗುಂಪಿನಿಂದ ಬಂದು ಹುಡುಗಿಯ ತೋಳು ನೋಡಿದರು. ಅವರು ಬಾಗಿಲು ತೆರೆದು ಹಿಡಿದು, ಅವನು ಇಳಿದು ಹೋಗುವವರೆಗೆ ನಿಂತಿದ್ದರು. ಹುಡುಗಿ ನೀರು ಕೇಳಿದಳು.

ಅವಳ ಒಪ್ಪಿಗೆ ಪಡೆದು ಡಾಕ್ಟರಮ್ಮನ ಬಳಿ ಕರೆದೊಯ್ದೆ, ಆಮೇಲೆ ಪೊಲೀಸರ ಬಳಿ. ಅವನನ್ನು ಹಿಡಿದುಕೊಂಡು ಹೋಗಿದ್ದಾರೆ. ಹಿರಿಯರು ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ, ಹಾಲಿಗೆ ಬೀಗ ಬಿದ್ದಿದೆ. ಕಳೆದ ಭಾನುವಾರ ಕೆಳಗಿನ ಬಡಗಿ, "ಹಲಗೆ ಮೇಲೆ ಕೂರೋಕೆ ಬೇಜಾರಿಲ್ಲ ಅಂದ್ರೆ ಬನ್ನಿ" ಎಂದು ಕಾರ್ಖಾನೆಯ ಬಾಗಿಲು ತೆಗೆದುಕೊಟ್ಟ. ಹನ್ನೊಂದು ಜನ ಬಂದಿದ್ದೆವು. ಎದ್ದು ಹೋಗುವಾಗ ಎಲ್ಲರ ಬೆನ್ನಿಗೂ ಮರದ ಹೊಟ್ಟು ಅಂಟಿತ್ತು.

ಹುಡುಗಿ ನನ್ನ ಕೋಣೆಯಲ್ಲೇ ಇದ್ದಾಳೆ. ಬಂದ ಮೂರನೇ ದಿನ ತನ್ನ ಹೆಸರು ಹೇಳಿದಳು. ಅಪ್ಪಾ, ಅವಳಿಗಾಗಿ ಅಷ್ಟು ವಾರ ಪ್ರಾರ್ಥಿಸಿದ ನಾನು ಒಂದು ಸಲವೂ ಹೆಸರು ಕೇಳಿರಲಿಲ್ಲ. ಗೋರಿಗಳ ನಡುವೆ ಕಿರುಚಿಕೊಂಡು ತಿರುಗುತ್ತಿದ್ದವನನ್ನೂ ಯೇಸು ನಿನ್ನ ಹೆಸರೇನು ಎಂದು ಕೇಳಿದ್ದ. ಕುರುಡನನ್ನು ನಿನಗೆ ನಾನೇನು ಮಾಡಬೇಕು ಎಂದು ಕೇಳಿದ್ದ. ಕಂಡಕ್ಟರ್ ತಾವಾಗಿ ಬಂದು ಕೇಳಿಕೊಂಡಿದ್ದರು, ಇವಳನ್ನು ನಾವು ಕೇಳಿರಲೇ ಇಲ್ಲ. ಹೆಸರುಗಳು ಬರೆದಿವೆ ಎಂದು ಹಿಗ್ಗಿ ಎಂಬ ಆ ಮುಂದಿನ ಸಾಲನ್ನು ಈಗ ಓದಿಕೊಂಡೆ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯಲೇ ಎಂದು ಅವಳನ್ನು ಇನ್ನೂ ಕೇಳಿಲ್ಲ.

ನಿಮ್ಮನ್ನು ಕ್ಷಮಿಸುವುದು ನನ್ನ ಕೈಯಲ್ಲಿಲ್ಲ. ಅಮ್ಮನನ್ನು ಕೇಳಿ. ಈ ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿ, ಈ ಸಾಲನ್ನೂ ಸೇರಿಸಿ.

ಮಗಳು


ಜೂನ್ ೩

ಮಗಳೇ,

ಅಮ್ಮ ಬರೆಯುತ್ತಿದ್ದೇನೆ. ಅಕ್ಷರ ಗುಂಡಗಿಲ್ಲ ಎಂದು ನಗಬೇಡ, ಪೆನ್ನು ಹಿಡಿದು ಬಹಳ ದಿನವಾಯಿತು.

ನಿನ್ನ ಅಪ್ಪ ನಿನ್ನ ಪತ್ರಗಳನ್ನು ಓದಿ ಹೇಳುವಾಗ ಸಾಲು ಹಾರಿಸುತ್ತಾರೆ ಎಂದು ನನಗೆ ಮೊದಲಿನಿಂದ ಗೊತ್ತು. ಎರಡು ಹಾಳೆಯ ಪತ್ರ ಎರಡು ನಿಮಿಷದಲ್ಲಿ ಮುಗಿದರೆ ಯಾರಿಗಾದರೂ ಗೊತ್ತಾಗುತ್ತದೆ. ಈ ಸಲ ಒಂದಕ್ಷರ ಬಿಡದೆ ಓದಿದರು. ಅಮ್ಮನನ್ನು ಕೇಳಿ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದರು. "ತಪ್ಪಾಯ್ತು. ನಿನ್ನ ಕೈ ನಾನು ಬಿಡಬೇಕಾಗಿತ್ತು" ಎಂದರು. ಅರವತ್ತು ದಾಟಿದ ಮನುಷ್ಯ ಶಾಲೆಯ ಹುಡುಗನ ಹಾಗೆ ಗೋಡೆ ಹಿಡಿದು ನಿಂತಿದ್ದರು.

ನಾನು ಎದ್ದು ಹೋಗಿ ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದೆ. ಅಷ್ಟು ಸುಲಭಕ್ಕೆ ಆಗುವುದಿಲ್ಲ, ಮಗಳೇ. ಇಪ್ಪತ್ತೇಳು ವರ್ಷ ಇದೇ ಮಾತಿಗೆ ಕಾದಿದ್ದೆ, ಬಂದಾಗ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ನೀನು ಬೋಧಕಿ, ನಿನಗೊಂದು ಹೇಳುತ್ತೇನೆ. ನನ್ನನ್ನು ಯಾವ ಆತ್ಮವೂ ಹಿಡಿದಿರಲಿಲ್ಲ. ಮಗುವಿನ ಭಾರ ಕೈಯಲ್ಲಿ ಹಾಗೇ ಉಳಿದಿತ್ತು. ನಿಧಾನವಾಗಿ ಇಳಿಸಿಕೊಳ್ಳುತ್ತಿದ್ದೆ. ಅವರು ಬಂದು ಕೈ ಹಿಡಿದುಕೊಂಡರು, ಇಳಿಸಲು ಆಗಲಿಲ್ಲ. ನಾನು ದೇವರನ್ನು ಬಿಟ್ಟೆ ಎಂದು ಜನ ಆಡಿಕೊಂಡರು. ಬಿಟ್ಟಿಲ್ಲ. ಹಿತ್ತಲಲ್ಲಿ ಬಟ್ಟೆ ಹರವುವಾಗ ಅವನ ಜೊತೆ ಮಾತಾಡುತ್ತೇನೆ. ಅವನು ಇವತ್ತಿನವರೆಗೂ ನನ್ನ ಮಾತಿಗೆ ಅಡ್ಡ ಬಂದಿಲ್ಲ.

ಆ ಹುಡುಗಿಗೆ ಹೇಳು, ನಮ್ಮ ಒಳಕೋಣೆ ಖಾಲಿ ಇದೆ. ಬರಬೇಕು ಅನಿಸಿದರೆ ಬರಲಿ, ಹೋಗಬೇಕು ಅನಿಸಿದಾಗ ಹೋಗಲಿ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದ್ದೇನೆ, ಹೊರಗಿನ ಚಿಲಕ ನಿನ್ನ ಅಪ್ಪನೇ ಕಿತ್ತು ತೆಗೆದರು. ಮತ್ತೆ ನೀನು ಆ ಫೋಟೋವನ್ನು ಖಾನೆಯಿಂದ ತೆಗೆಯುವುದು ನಿನ್ನ ಇಷ್ಟ, ನನ್ನ ಮುಖ ನೋಡಿ ತೆಗೆಯಬೇಡ.

ಇವತ್ತು ಬೆಳಿಗ್ಗೆ ನಿನ್ನ ಅಪ್ಪ ಎಂದಿನ ಹಾಗೆ ನನ್ನ ಲೋಟಕ್ಕೆ ಹಾಲು ಹುಯ್ಯುತ್ತಿದ್ದರು. ಕಣ್ಣು ಬಸಿಯ ಮೇಲಿತ್ತು, ನನ್ನ ಕಡೆ ನೋಡುತ್ತಿರಲಿಲ್ಲ. ಲೋಟ ಮುಕ್ಕಾಲು ತುಂಬಿತು. ನಾನು ಕೈ ಎತ್ತಲಿಲ್ಲ, ದನಿಯನ್ನೂ ಏರಿಸಲಿಲ್ಲ. "ಸಾಕು" ಎಂದೆ.

ಕಿವಿ ಮಂದ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಮನುಷ್ಯ, ತಕ್ಷಣ ನಿಲ್ಲಿಸಿದರು.

ಅಮ್ಮ